ಆರ್‌ಸಿಯಲ್ಲಿ ಇಲ್ಲದ ಮಾಲೀಕ

ಸಾಗರದಲ್ಲಿ ಅಪ್ಪನಿಗೆ ಗ್ಯಾರೇಜ್ ಇತ್ತು. ಶಿವಮೊಗ್ಗದಲ್ಲಿ ನಾನು ವಕೀಲಿ ಮಾಡುತ್ತೇನೆ. ಹೀಗಾಗಿ ಹಳೆ ಫಿಯೆಟ್ಟೋ ಅಂಬಾಸಿಡರೋ ಕೊಳ್ಳುವ ಹುಚ್ಚು ಹತ್ತಿದ ನೆಂಟರಿಷ್ಟರಿಗೆಲ್ಲ ನಾನೇ ಬೇಕು. ‘ಒಂದ್ಸಲ ಬಂದು ನೋಡಿ ಮಾರಾಯ್ರೆ’ ಅನ್ನುತ್ತಾರೆ. ಒಂದೇ ಖರ್ಚಿನಲ್ಲಿ ಮೆಕ್ಯಾನಿಕ್ಕೂ ಸಿಕ್ಕರು, ವಕೀಲರೂ ಸಿಕ್ಕರು ಎಂಬ ಲೆಕ್ಕಾಚಾರ. ನನ್ನ ಫೀಸು ಮಧ್ಯಾಹ್ನದ ಊಟ.

ಈ ತಿರುಗಾಟದಲ್ಲಿ ನನಗೆ ಖಾತ್ರಿಯಾದ ಸಂಗತಿ ಒಂದಿದೆ. ತುಕ್ಕು, ಹೊಗೆ, ಗೇರ್‌ಬಾಕ್ಸಿನ ಸದ್ದು, ಇವೆಲ್ಲ ದುಡ್ಡು ಸುರಿದರೆ ವಾಸಿಯಾಗುವ ಕಾಯಿಲೆಗಳು. ಮಾರುತ್ತಿರುವವನು ಯಾರು ಎಂಬುದೇ ನೆಟ್ಟಗಿಲ್ಲದಿದ್ದರೆ ಅದಕ್ಕೆ ಯಾವ ಗ್ಯಾರೇಜಿನಲ್ಲೂ ಮದ್ದಿಲ್ಲ. ಆದರೂ ಜನ ಬಾನೆಟ್ ಎತ್ತುವಾಗಿನ ಉತ್ಸಾಹದಲ್ಲಿ ಕಾಲುಭಾಗವನ್ನೂ ಆರ್‌ಸಿ ಬುಕ್ ಬಿಡಿಸುವಾಗ ತೋರಿಸುವುದಿಲ್ಲ.

ನಮ್ಮ ಭಾವ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಹ್ಯಾಂಡ್ ಗೇರ್ ಇರುವ ಫಿಯೆಟ್ ಬೇಕೆಂಬುದು ಅವರ ಬಹುಕಾಲದ ಆಸೆ. ಬೆಂಗಳೂರಿನಲ್ಲೊಂದು ಸಿಕ್ಕಿತು. ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 1973ರ ಪ್ರೀಮಿಯರ್ ಪ್ರೆಸಿಡೆಂಟ್, ವಿಂಟೇಜ್, ಒಬ್ಬರೇ ಡಾಕ್ಟರು ಓಡಿಸಿದ ಗಾಡಿ, ಡೀಲರ್‌ಗಳು ಕರೆ ಮಾಡಬೇಡಿ, ನೇರ ಮಾಲೀಕರು, ಬೆಲೆ 3.75 ಲಕ್ಷ. ನನಗೆ ತಿಳಿಸುವ ಮೊದಲೇ ಭಾವ 10,000 ರೂಪಾಯಿ ಟೋಕನ್ ಅಡ್ವಾನ್ಸ್ ಕಳಿಸಿ ಆಗಿತ್ತು. ‘ಬೇರೆಯವರು ಸಂಜೆ ಬರ್ತಿದ್ದಾರಂತೆ’ ಎಂಬುದು ಅವರು ಕೊಟ್ಟ ಕಾರಣ. ಈ ಸಂಜೆ ಬರುವ ಬೇರೆಯವರನ್ನು ನಾನು ಇದುವರೆಗೆ ಎಲ್ಲೂ ಕಂಡಿಲ್ಲ.

ಹೊರಡುವ ಮುಂಚೆ ನಾನೇ ಫೋನು ಮಾಡಿ, ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿದ್ದೆ. ‘ಆಯ್ತು ಮೇಡಂ, ಮುಟ್ಟೋದೇ ಇಲ್ಲ’ ಅಂದಿದ್ದರು. ಹೋಗಿ ಅಂಗೈಯನ್ನು ಬಾನೆಟ್ ಮೇಲಿಟ್ಟೆ, ಬೆಚ್ಚಗಿತ್ತು. ತಣ್ಣಗಿರುವ ಹಳೆ ಎಂಜಿನ್ ಸುಳ್ಳು ಹೇಳಲಾರದು: ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಮೊದಲ ನಿಮಿಷದಲ್ಲಿ ನೀಲಿ ಹೊಗೆ ಬಿಡುತ್ತದೆ, ಬೇರಿಂಗ್ ಸವೆದಿದ್ದರೆ ತಳದಿಂದ ಬಡಿತ ಕೇಳಿಸುತ್ತದೆ. ಬೆಳಗ್ಗೆಯೇ ಅರ್ಧ ಗಂಟೆ ಓಡಿಸಿ ಇಟ್ಟರೆ, ಜೊತೆಗೆ ಮಂದ ಆಯಿಲ್ ತುಂಬಿದರೆ, ಬಂದವರಿಗೆ ಒಂದೇ ಸೆಲ್ಫಿಗೆ ಎದ್ದು ಗುನುಗುವ ಎಂಜಿನ್ ಕಾಣುತ್ತದೆ. ಫಿಯೆಟ್‌ನ 1089 ಸಿಸಿ ಎಂಜಿನ್ ಬೋರ್ ಮಾಡಿಸುವುದು ದೊಡ್ಡ ಮಾತಲ್ಲ. ಇಂಥ ಕೆಲಸ ಗೊತ್ತಿರುವ ಮಿಸ್ತ್ರಿಗಳು ಇನ್ನೂ ಇದ್ದಾರೆ, ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಿಡಿಭಾಗಗಳೂ ಸಿಗುತ್ತವೆ. ಆದ್ದರಿಂದ ಎಂಜಿನ್ ಹಾಳಾಗಿದೆ ಎಂಬುದು ನನಗೆ ಮುಖ್ಯವಾಗಲಿಲ್ಲ. ಮುಟ್ಟುವುದಿಲ್ಲ ಎಂದು ಬಾಯಲ್ಲಿ ಹೇಳಿ ಮುಟ್ಟಿದ್ದಾರೆ ಎಂಬುದು ಮುಖ್ಯವಾಯಿತು. ಸಣ್ಣ ವಿಷಯಕ್ಕೆ ಸುಳ್ಳು ಹೇಳಿದವರು ದೊಡ್ಡದಕ್ಕೆ ಬಿಟ್ಟಾರೆಯೇ?

ಬಾಡಿ ಕಡೆಗೆ ಹೋದೆ. ಫಿಯೆಟ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಂಬಾಸಿಡರ್ ಕೂಡ ಹಾಗೆಯೇ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಗಾಡಿಯ ಬೆನ್ನುಮೂಳೆಯೇ ಹೋದಂತೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮಾತು ಬೇರೆ. ಅದಕ್ಕೆ ಪ್ರತ್ಯೇಕ ಚಾಸಿ ಇದ್ದು, ಮೇಲಿನ ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಬಹುದು. ಎರಡು ಹೆರಾಲ್ಡ್ ಸೇರಿಸಿ ಒಂದು ಮಾಡುವುದು ಅಷ್ಟೇ ಸುಲಭ. ಹಾಗೆ ಕೂಡಿಸಿದ ಗಾಡಿ ಯಾವ ಆರ್‌ಸಿಗೆ ಸೇರಿದ್ದು ಎಂದು ಹೇಳುವುದು ಅಷ್ಟೇ ಕಷ್ಟ.

ಅಪ್ಪ ಹೇಳಿಕೊಟ್ಟ ವಿದ್ಯೆ ಅಯಸ್ಕಾಂತದ್ದು. ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಕಮಾನು, ಡಿಕ್ಕಿಯ ಅಂಚು ಇಲ್ಲೆಲ್ಲ ಆಡಿಸಬೇಕು. ತಗಡಿದ್ದ ಕಡೆ ಕಚ್ಚಿ ಹಿಡಿಯುತ್ತದೆ, ಪುಟ್ಟಿ ಮೆತ್ತಿದ ಕಡೆ ಜಾರಿ ಬೀಳುತ್ತದೆ. ಆ ಫಿಯೆಟ್‌ನ ಎಡಗಡೆಯ ಎರಡು ಬಾಗಿಲಲ್ಲೂ ಅದು ಮೊಣಕೈ ಎತ್ತರದಿಂದ ಕೆಳಗೆ ಎಲ್ಲೂ ನಿಲ್ಲಲಿಲ್ಲ. ತಳಕ್ಕೆ ಆಗಷ್ಟೇ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರು. ಇಷ್ಟು ಹಳೆ ಗಾಡಿಯ ತಳ ಹೊಚ್ಚ ಹೊಸದರಂತೆ ಕಪ್ಪಗೆ ಮಿಂಚುತ್ತಿದೆ ಎಂದರೆ ಅದರ ಹಿಂದೆ ಏನೋ ಇದೆ ಎಂದೇ ಅರ್ಥ. ಮ್ಯಾಟ್ ಎತ್ತಿದೆ. ಡ್ರೈವರ್ ಕಾಲಿಡುವಲ್ಲಿ ತಗಡಿನ ತೇಪೆ ಹಾಕಿ ರಿವಿಟ್ ಹೊಡೆದಿತ್ತು.

‘ಹಳೆ ಗಾಡಿ ಅಲ್ವಾ ಅಮ್ಮಾ, ಇಷ್ಟಾದ್ರೂ ಇರಲ್ವಾ?’ ಅಂದರು ಮಾರುವವರು. ಮೇಡಂ ಆಗಿದ್ದ ನಾನು ಮ್ಯಾಟ್ ಎತ್ತಿದ ಕೂಡಲೇ ಅಮ್ಮ ಆಗಿದ್ದೆ.

ಇರುತ್ತದೆ, ಒಪ್ಪೋಣ. ತೀರ್ಥಹಳ್ಳಿ ಕಡೆಯ ಒಬ್ಬರು ತಮ್ಮ ಅಂಬಾಸಿಡರ್ ಮಾರುವಾಗ ಅದರ ಕೊರತೆಗಳನ್ನೆಲ್ಲ ಹಾಳೆಯಲ್ಲಿ ಬರೆದು ಕೈಗಿತ್ತಿದ್ದರು. ಮಳೆ ಬಂದರೆ ಯಾವ ಗಾಜಿನಿಂದ ನೀರು ಸೋರುತ್ತದೆ, ಮೂರನೇ ಗೇರ್ ಯಾವಾಗ ಹಾರುತ್ತದೆ ಎಂಬುದೂ ಅದರಲ್ಲಿತ್ತು. ಆ ಗಾಡಿಗೆ ಪೇಟೆ ಬೆಲೆಗಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂದು ಕೊಳ್ಳುವವರಿಗೆ ನಾನೇ ಹೇಳಿದ್ದೆ.

ಬೆಂಗಳೂರಿನ ಫಿಯೆಟ್‌ಗೆ ಮರಳುತ್ತೇನೆ, ಏಕೆಂದರೆ ಅಸಲಿ ವಿಷಯ ಇನ್ನೂ ಬಂದಿಲ್ಲ. ನಂಬರ್ ಪ್ಲೇಟ್ ಸಿಎ ಸರಣಿಯದು. ಮೈಸೂರು ರಾಜ್ಯದ ಕಾಲದ ಗಾಡಿಗಳಿಗೆ ಎಂವೈ ಎಂದು ಶುರುವಾಗುವ ನಂಬರುಗಳಿದ್ದವು, ಸಿಎ ಬಂದದ್ದು ಎಂಬತ್ತರ ದಶಕದಲ್ಲಿ, ಕೆಎ ಬಂದದ್ದು 1989ರ ನಂತರ. ಬೇರೆ ರಾಜ್ಯದಿಂದ ಬಂದು ಮರುನೋಂದಣಿಯಾಗಿದ್ದರೆ ಮಾತು ಬೇರೆ. ಹಾಗಿಲ್ಲದೆ 1973ರ ಗಾಡಿಗೆ ಸಿಎ ನಂಬರ್ ಹೇಗೆ? ಆರ್‌ಸಿ ಬುಕ್ ಕೇಳಿದೆ. ಜೆರಾಕ್ಸ್ ಬಂತು. ಒರಿಜಿನಲ್ ಕೇಳಿದೆ, ‘ಲಾಕರ್‌ನಲ್ಲಿದೆ’ ಎಂಬ ಉತ್ತರ ಬಂತು. ಜೆರಾಕ್ಸಿನಲ್ಲೇ ತಯಾರಿಕೆಯ ವರ್ಷ 1983 ಎಂದಿತ್ತು, ಮಾಡೆಲ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಹೊರಬಂದ ಈ ಕಾರು ಎಪ್ಪತ್ತರ ದಶಕದ ಆರಂಭದಲ್ಲಿ ಸ್ವಲ್ಪ ಕಾಲ ಪ್ರೆಸಿಡೆಂಟ್ ಎನಿಸಿಕೊಂಡು, ಆಮೇಲೆ ಪದ್ಮಿನಿಯಾಯಿತು. ಎಲ್ಲಿಂದಲೋ ತಂದ ಪ್ರೆಸಿಡೆಂಟ್ ಬ್ಯಾಡ್ಜ್ ಅಂಟಿಸಿ ಇದರ ವಯಸ್ಸನ್ನು ಹತ್ತು ವರ್ಷ ಹೆಚ್ಚಿಸಿದ್ದರು. ಹೆಂಗಸರು ವಯಸ್ಸು ಕಡಿಮೆ ಹೇಳುತ್ತಾರೆಂದು ತಮಾಷೆ ಮಾಡುವವರು ಈ ವ್ಯಾಪಾರ ನೋಡಬೇಕು.

ಆ ಹತ್ತು ವರ್ಷಕ್ಕೆ ಬೆಲೆ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗದ ಖಾಸಗಿ ವಾಹನವಷ್ಟೇ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಈ ನಿಯಮ ಬಂದ ಮೇಲೆ ಮಾರುವವರ ಬಾಯಲ್ಲಿ 30 ವರ್ಷದ ಗಾಡಿಯೂ ವಿಂಟೇಜ್ ಆಗಿಬಿಟ್ಟಿದೆ. ಮ್ಯಾಟಡೋರ್ ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರನ್ನೂ ‘ವಿಎ ನಂಬರ್ ಗ್ಯಾರಂಟಿ’ ಎಂದು ಮಾರಲು ಬಂದವರಿದ್ದಾರೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಎಂಜಿನ್ ಇದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು. ಅದು ವಿಂಟೇಜ್ ಆಗುವುದು ಅತ್ತ ಇರಲಿ, ರಸ್ತೆಗೆ ಇಳಿಯುವುದೇ ತಕರಾರು.

ಆ ಜೆರಾಕ್ಸಿನಲ್ಲಿದ್ದ ಹೆಸರು ಮಾರುವವರದ್ದಲ್ಲ. ವಿಳಾಸ ಮೈಸೂರಿನ ಒಂಟಿಕೊಪ್ಪಲಿನದು. ‘ನಮ್ಮ ದೊಡ್ಡಪ್ಪ’ ಅಂದರು. ದೊಡ್ಡಪ್ಪನವರ ಸಹಿ ಇದ್ದ 29 ಮತ್ತು 30ನೇ ನಂಬರ್ ಫಾರಂಗಳು ಸಿದ್ಧವಾಗಿದ್ದವು. ಕೊಳ್ಳುವವರ ಹೆಸರು ಖಾಲಿ, ತಾರೀಖು ಖಾಲಿ.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಮೈಸೂರು ಬರುವುದಿಲ್ಲ ಎಂದು ಭಾವ ಗೊಣಗಿದರು. ಆದರೂ ಹೋದೆವು. ಒಂಟಿಕೊಪ್ಪಲಿನ ಆ ಮನೆಯಲ್ಲಿ ಬಾಗಿಲು ತೆಗೆದವರು ಆ ಹಿರಿಯರ ಸೊಸೆ. ‘ನಮ್ಮ ಮಾವನವರು ಹೋಗಿ ಹದಿನೈದು ವರ್ಷದ ಮೇಲಾಯ್ತಲ್ಲಮ್ಮ. ಕಾರು ಶೆಡ್ಡಲ್ಲೇ ಇತ್ತು. ಮನೆ ರಿಪೇರಿ ಮಾಡಿಸೋವಾಗ ಗುಜರಿಯವನಿಗೆ ಕೊಟ್ಬಿಟ್ವಿ, 12,000 ಕೊಟ್ಟ’ ಅಂದರು. ದೊಡ್ಡಪ್ಪ ಎಂದು ಕರೆಯುವ ಹುಡುಗ ಅವರ ನೆಂಟರಲ್ಲಿ ಯಾರೂ ಇಲ್ಲ. ಡಾಕ್ಟರು ಎಂಬುದೂ ಸುಳ್ಳು; ಅವರು ರೈಲ್ವೆಯಲ್ಲಿದ್ದವರು. ಫಾರಂನ ಫೋಟೋ ತೋರಿಸಿದಾಗ ಆಕೆ ಸಹಿ ನೋಡಿ, ‘ಮಾವನವರು ಕನ್ನಡದಲ್ಲೇ ಸಹಿ ಹಾಕ್ತಿದ್ದದ್ದು, ಇದು ಇಂಗ್ಲಿಷಿನಲ್ಲಿದೆ’ ಅಂದರು.

ಅಲ್ಲಿಂದಲೇ ಫೋನು ಮಾಡಿದೆ. ಮಾರುವವರಿಗೆ ಬೇಸರವೂ ಆಗಲಿಲ್ಲ, ಮುಜುಗರವೂ ಆಗಲಿಲ್ಲ. ‘ಹಳೆ ಗಾಡಿ ಅಂದ್ರೆ ಎಲ್ಲಾ ಹಿಂಗೇ ಮೇಡಂ. ಹದಿನೈದೇ ದಿನಕ್ಕೆ ನಿಮ್ಮ ಹೆಸರಿಗೆ ಮಾಡಿಸ್ಕೊಡ್ತೀನಿ, ನಂಗೆ ಜನ ಇದಾರೆ’ ಅಂದರು. ಅದಕ್ಕಿಂತ ನನಗೆ ಕಷ್ಟವಾದದ್ದು ಭಾವನ ಮಾತು. ವಾಪಸ್ಸು ಬರುತ್ತ ಅರಸೀಕೆರೆ ಹತ್ತಿರ, ‘ಆದ್ರೂ ಗಾಡಿ ಬಣ್ಣ ಚೆನ್ನಾಗಿತ್ತು ಅಲ್ವಾ’ ಅಂದರು. 10,000 ರೂಪಾಯಿ ವಾಪಸು ಬರಲಿಲ್ಲ. ಮೋಸಗಾರನ ಬಂಡವಾಳ ಹಳೆ ತಗಡಲ್ಲ, ನಮ್ಮ ಭಾವನಂಥವರ ಈ ಆಸೆ.

ಸಾಮಾನ್ಯವಾಗಿ ಇಂಥ ಕಡೆ ಜನ ಕೇಳುವ ಪ್ರಶ್ನೆ, ‘ಕಾನೂನು ಇಲ್ವಾ?’ ಇದೆ. ಆದರೆ ಖಾಸಗಿ ವ್ಯಕ್ತಿಯಿಂದ ಹಳೆ ವಸ್ತು ಕೊಂಡಾಗ ಅದು ನೀವೆಂದುಕೊಂಡಷ್ಟು ನಿಮ್ಮ ಕಡೆ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್, ಸರಕಿನ ಗುಣಮಟ್ಟದ ಬಗ್ಗೆ ಮಾರುವವನು ಖಾತರಿ ಕೊಟ್ಟಿದ್ದಾನೆಂದು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆ ಸರಕನ್ನೇ ವ್ಯಾಪಾರ ಮಾಡುವವನಾದರೆ ವಿನಾಯಿತಿಗಳಿವೆ. ಮನೆಯ ಕಾರನ್ನು ಒಮ್ಮೆ ಮಾರುವವರನ್ನು ಗ್ರಾಹಕರ ಆಯೋಗಕ್ಕೆ ಎಳೆಯುವುದೂ ಸಲೀಸಲ್ಲ. ಇನ್ನು 1872ರ ಕರಾರು ಕಾಯ್ದೆ. ಮೋಸದಿಂದ ಆದ ಕರಾರನ್ನು ರದ್ದು ಮಾಡಿಸಬಹುದು ಎಂದು 19ನೇ ಸೆಕ್ಷನ್ ಹೇಳುತ್ತದೆ. ಅದರ ಕೆಳಗೇ ಒಂದು ವಿನಾಯಿತಿ ಇದೆ: ಮಾರುವವನು ತಪ್ಪು ಮಾಹಿತಿ ಕೊಟ್ಟಿದ್ದರೂ, ಗೊತ್ತಿದ್ದೂ ಸುಮ್ಮನಿದ್ದರೂ, ಕೊಳ್ಳುವವನು ಸಾಧಾರಣ ಎಚ್ಚರ ವಹಿಸಿದ್ದರೆ ಸತ್ಯ ತಿಳಿಯುವ ದಾರಿ ಇತ್ತು ಎನ್ನುವಂತಿದ್ದರೆ ಕರಾರು ರದ್ದಾಗದು. ನಂಬರ್ ಪ್ಲೇಟಿನಲ್ಲೇ ಸಿಎ ಎಂದು ಬರೆದಿದ್ದಾಗ, ಆರ್‌ಸಿಯಲ್ಲಿ ಬೇರೆಯವರ ಹೆಸರಿದ್ದಾಗ, ‘ನನಗೆ ಗೊತ್ತಿರಲಿಲ್ಲ ಸ್ವಾಮಿ’ ಎಂದು ನ್ಯಾಯಾಲಯದಲ್ಲಿ ನಿಂತರೆ ಎದುರು ವಕೀಲರು ನಗುತ್ತಾರೆ. ನಾನೂ ನಗುತ್ತಿದ್ದೆ. ಪೊಲೀಸರ ಬಳಿ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎಂಬ ಮಾತು ಕೇಳಲು ಸಿದ್ಧರಿರಬೇಕು. ಸತ್ತವರ ಸಹಿ ಹಾಕಿದ್ದು ಸಿವಿಲ್ ಹೇಗಾಗುತ್ತದೆ ಎಂದು ಅಲ್ಲಿ ವಾದಿಸುವ ತಾಳ್ಮೆಯೂ ಬೇಕು.

ಒಂದು ಕಡೆ ಮಾತ್ರ ಕಾನೂನು ಗಟ್ಟಿಯಾಗಿದೆ. ಮಾರುವ ಹಕ್ಕು ತನಗಿದೆ ಎಂಬ ಭರವಸೆ ಪ್ರತಿ ಮಾರಾಟದಲ್ಲೂ ಅಡಗಿರುತ್ತದೆ (ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್), ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು (ಅದೇ ಕಾಯ್ದೆಯ 27ನೇ ಸೆಕ್ಷನ್). ಆದ್ದರಿಂದಲೇ ನಾನು ಮೊದಲು ಹೆಸರು ನೋಡಿ, ಆಮೇಲೆ ಬಾನೆಟ್ ಎತ್ತಿ ಎನ್ನುವುದು. ಆರ್‌ಸಿಯಲ್ಲಿರುವ ವ್ಯಕ್ತಿ ಎದುರಿಗೆ ಕೂತು, ಗುರುತಿನ ಚೀಟಿ ತೋರಿಸಿ, ತಾರೀಖು ಹಾಕಿ ಸಹಿ ಮಾಡಬೇಕು. ದುಡ್ಡು ಅವರದೇ ಖಾತೆಗೆ ಹೋಗಬೇಕು. ಚಾಸಿ ನಂಬರನ್ನು ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಬೇಕು. ಅಂಕಿಗಳು ಓರೆಕೋರೆಯಾಗಿದ್ದರೆ, ಸುತ್ತ ಗ್ರೈಂಡರ್ ಗುರುತಿದ್ದರೆ ಅಲ್ಲಿಗೇ ಕೈಮುಗಿದು ಹೊರಟುಬಿಡಬೇಕು. ನೋಂದಣಿ ಊರ್ಜಿತದಲ್ಲಿದೆಯೇ ಎಂಬುದೂ ದುಡ್ಡಿನ ಪ್ರಶ್ನೆ. 15 ವರ್ಷ ದಾಟಿದ ಕಾರಿನ ಮರುನೋಂದಣಿಗೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ತಡವಾದ ಪ್ರತಿ ತಿಂಗಳಿಗೆ 500 ಬೇರೆ. ಆ ಫಿಯೆಟ್‌ನ ಕೊನೆಯ ಮೊಹರು 2008ಕ್ಕೆ ಮುಗಿದಿತ್ತು.

ಇಷ್ಟೆಲ್ಲ ಕೊಳ್ಳುವವರ ಮೇಲೆ ಹೊರಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಈ ಮೋಸ ಬೆಳೆಯುವುದು ಎಲ್ಲಿ ಎಂದು ನೋಡಿದರೆ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳುವ ಮರ್ಯಾದಸ್ಥ ಮನೆಗಳಲ್ಲಿ. ಅಪ್ಪನ ಕಾರು, ಮಾವನ ಕಾರು, ಜಾಗ ಖಾಲಿಯಾದರೆ ಸಾಕು. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವರು ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಇದೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 31ನೇ ಫಾರಂನಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಗುಜರಿಗೇ ಹೋಗುವುದಾದರೆ ನೋಂದಣಿ ರದ್ದು ಮಾಡಿಸಿ ಆರ್‌ಸಿ ಒಪ್ಪಿಸಬೇಕು. ಇದು ಯಾರಿಗೂ ಬೇಡ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇವರಿಗೆಲ್ಲ ಗೊತ್ತಾಗಬೇಕು. ಹಲವು ಕೈ ದಾಟಿದ್ದರೂ ಆರ್‌ಟಿಓ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿದ್ದ ಕಾರೊಂದು ಅಪಘಾತ ಮಾಡಿತ್ತು. ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವರದ್ದೇ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಮಾರಿ ಎಷ್ಟು ವರ್ಷವಾಯಿತು, ಈಗ ಓಡಿಸುತ್ತಿದ್ದವರು ಯಾರು ಎಂಬುದು ಅವರನ್ನು ಕಾಪಾಡಲಿಲ್ಲ. ಒಂಟಿಕೊಪ್ಪಲಿನ ಆ ತಾಯಿಗೆ ಇದನ್ನು ಹೇಳಿದಾಗ ಅವರ ಮುಖ ಬಿಳುಪೇರಿತು.

ಸರ್ಕಾರವೂ ಅರ್ಧ ಕೆಲಸ ಮಾಡಿ ನಿಂತಿದೆ. ಹಳೆ ವಾಹನ ವ್ಯಾಪಾರಿಗಳಿಗೆ ಅಧಿಕಾರ ಪತ್ರ ಕಡ್ಡಾಯ ಮಾಡುವ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗಾಡಿ ಡೀಲರ್ ಕೈಗೆ ಬಂದ ಕೂಡಲೇ ಆನ್‌ಲೈನ್‌ನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಹೊಣೆ ಅವರದು. ಒಳ್ಳೆಯ ನಿಯಮ. ಪರಿಣಾಮ ಏನಾಯಿತೆಂದರೆ, ಕಳ್ಳ ವ್ಯಾಪಾರಿಗಳು ಬೋರ್ಡ್ ಇಳಿಸಿ ‘ನೇರ ಮಾಲೀಕರು’ ಆಗಿಬಿಟ್ಟರು. ಡೀಲರ್‌ಗಳು ಕರೆ ಮಾಡಬೇಡಿ ಎಂದು ಜಾಹೀರಾತು ಕೊಟ್ಟವರೇ ಡೀಲರ್. ಭಾವನಿಗೆ ಫಿಯೆಟ್ ತೋರಿಸಿದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಒಂದು ಕಾಂಟೆಸ್ಸಾ, ಎರಡು ಅಂಬಾಸಿಡರ್ ಇದ್ದವು. ಅವೂ ದೊಡ್ಡಪ್ಪಂದಿರವೇ ಇರಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜಾಹೀರಾತು ಹಾಕಿಸಿಕೊಳ್ಳುವ ಆ್ಯಪ್‌ಗಳು ಒಂದು ಪ್ರಶ್ನೆ ಕೇಳಲಿ: ಆರ್‌ಸಿಯಲ್ಲಿರುವ ಹೆಸರು ನಿಮ್ಮದೇ, ಇಲ್ಲವಾದರೆ ನಿಮ್ಮ ಡೀಲರ್ ಅಧಿಕಾರ ಪತ್ರದ ಸಂಖ್ಯೆ ಏನು? ಎರಡೂ ಇಲ್ಲದವರ ಜಾಹೀರಾತು ಬೇಡ. ತಾರೀಖಿಲ್ಲದೆ ಸಹಿ ಮಾಡಿದ 29ನೇ ಫಾರಂ ಯಾವ ಕೌಂಟರಿನಲ್ಲೂ ನಡೆಯುವುದಿಲ್ಲ ಎಂದು ಸಾರಿಗೆ ಇಲಾಖೆ ಗೋಡೆ ಮೇಲೆ ಬರೆಸಲಿ, ಬರೆಸಿದ್ದನ್ನು ಪಾಲಿಸಲಿ. ಈಗ ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ಅಕ್ಷರಗಳ ನಡುವೆ ನಕ್ಷತ್ರಗಳು ಕಾಣುತ್ತವೆ. ಖಾಸಗಿತನ ಕಾಪಾಡಲು ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ಮಾಲೀಕರೇ ಒಪ್ಪಿದರೆ? ಅವರ ಮೊಬೈಲ್‌ಗೆ ಬಂದ ಒಟಿಪಿ ಕೊಟ್ಟ ಕೂಡಲೇ ಕೊಳ್ಳುವವರಿಗೆ ಐದು ನಿಮಿಷ ಹೆಸರು, ವಿಳಾಸ, ಸಾಲ, ನೋಂದಣಿಯ ಅವಧಿ ಎಲ್ಲ ತೆರೆದು ಕಾಣುವಂತೆ ಮಾಡಬಹುದು. ನಿಜವಾದ ಮಾಲೀಕರಿಗೆ ಇದರಿಂದ ಅರ್ಧ ನಿಮಿಷದ ಕೆಲಸ ಹೆಚ್ಚಾಗುತ್ತದೆ ಅಷ್ಟೇ. ಕಂಪ್ಯೂಟರಿಗೆ ಇನ್ನೂ ಏರದ ಹಳೆ ನಂಬರುಗಳನ್ನು ಮೊದಲು ಏರಿಸಬೇಕಾಗುತ್ತದೆ, ಆ ಬಾಕಿ ಕೆಲಸವೂ ಆಗಲಿ. ತೀರಿಕೊಂಡವರ ಹೆಸರಿನಲ್ಲಿರುವ ಗಾಡಿಗೆ ಒಟಿಪಿ ಕೊಡಲು ಯಾರೂ ಇರುವುದಿಲ್ಲವಾದ್ದರಿಂದ ವಾರಸುದಾರರು 31ನೇ ಫಾರಂ ಹಿಡಿದು ಆರ್‌ಟಿಓಗೆ ಹೋಗಲೇಬೇಕಾಗುತ್ತದೆ.